ಬೈರಯ್ಯ ಹಚ್ಚಿದ ಒಲೆ

ಅರಕಲಗೂಡಿನಲ್ಲಿ ಬಸ್ಸಿಳಿದು ಆಟೋದಲ್ಲಿ ಮನೆಗೆ ಬಂದ ಭಾನುಪ್ರಿಯಾಗೆ ಮೊದಲು ಕಂಡದ್ದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಚಿಮಣಿಯಿಂದ ಏಳುತ್ತಿದ್ದ ಹೊಗೆ. ಹೊಗೆಸೊಪ್ಪು ಹದ ಮಾಡುವುದನ್ನು ಅಪ್ಪ ಬೈರಯ್ಯ ಬಿಟ್ಟು ಎರಡು ವರ್ಷವಾಗಿತ್ತು. ಆ ದಪ್ಪ ಗೋಡೆಗಳ ನಡುವೆ ಈಗ ಇದ್ದದ್ದು ನಾನೂರು ಬಾಟಲಿ ವೈನು. ಅವಳು ಕೆಲಸಕ್ಕಿದ್ದ ವೈನರಿಯವರು ಅವಳನ್ನು ನಂಬಿ, ಲೈಸೆನ್ಸ್ ಮಾಡಿಸಿ ಒಪ್ಪಿಸಿದ್ದರು. ಶಾಂಪೇನಿನ ಹಾಗೆ ನೊರೆಯುಕ್ಕಬೇಕಾದ ವೈನು.

ಫ್ರಾನ್ಸಿನಲ್ಲಿ ಅದು ಹುಟ್ಟಿದ್ದೇ ಹೀಗೆ: ಚಳಿಗೆ ಮಲಗಿದ, ರಸಕ್ಕೆ ಹುಳಿ ಬರಿಸುವ ಈಸ್ಟು ಬಿಸಿಲು ಬಲಿತಾಗ ಎದ್ದು, ಮುಚ್ಚಿದ ಬಾಟಲಿಯೊಳಗೇ ಗಾಳಿ ತುಂಬುತ್ತಿತ್ತು. ಒಂದು ಸಿಡಿದರೆ ಪಕ್ಕದ್ದೂ ಸಿಡಿಯುತ್ತಿತ್ತು. ನೆಲಮಾಳಿಗೆಯ ಆಳುಗಳು ಕಬ್ಬಿಣದ ಮುಖವಾಡ ಹಾಕಿಕೊಂಡು ಓಡಾಡುತ್ತಿದ್ದರಂತೆ. ಅಪ್ಪನಿಗೆ ಈ ಕತೆಯೆಲ್ಲ ಹೇಳಿದ್ದಳು. ತಣ್ಣಗಿರಬೇಕು ಅನ್ನುವ ಒಂದು ಮಾತು ಮಾತ್ರ ಹೇಳಿರಲಿಲ್ಲ. ಅದನ್ನೂ ಹೇಳಬೇಕೇ ಅಂದುಕೊಂಡಿದ್ದಳು, ದಡ್ಡಿ. ಮೂವತ್ತು ವರ್ಷ ಗೋಡೆಗೆ ಅಂಗೈಯಿಟ್ಟೇ ಶಾಖ ಅಳೆದ ಬೈರಯ್ಯನಿಗೆ ತಣ್ಣನೆ ಬ್ಯಾರನ್ ಎಂದರೆ ಕೆಟ್ಟುಹೋದ ಬೆಳೆ.

ಒಳಗೆ ಢಬ್ಬೆಂದಿತು.

"ಅಪ್ಪಾ!"

"ಇಲ್ಲೇ ಇವ್ನಿ ಕಣವ್ವಾ. ಏನೋ ಸದ್ದಾಯ್ತು, ಗಾಳಿಕಿಂಡಿ ತೆಗೆಯಾನ ಅಂತ ಬಂದೆ."

ಓಡಿಹೋಗಿ ಬ್ಯಾರನ್ನಿನ ಬಾಗಿಲಲ್ಲಿ ನಿಂತು ನೋಡಿದಳು. ಎರಡೂ ಕಡೆ ಬಾಟಲಿ ಪೇರಿಸಿದ ಅಟ್ಟಣೆ, ನಡುವೆ ಒಬ್ಬರು ನುಸುಳುವಷ್ಟು ದಾರಿ, ಆ ತುದಿಯ ಮೂಲೆಯಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅಪ್ಪ. ಹಿಂದೊಮ್ಮೆ ಇದೇ ಒಲೆಯ ಕಿಡಿ ಅವನ ಒಂದು ಕಣ್ಣು ತಿಂದಿತ್ತು. ಉಳಿದದ್ದು ಒಂದೇ.

"ಬತ್ತೀನಿ ತಡಿ," ಎಂದು ಹೆಜ್ಜೆಯಿಟ್ಟ. ಅವನ ಮುಂದೆಯೇ ಇನ್ನೊಂದು ಸಿಡಿದು ಗಾಜು ಚಿಮ್ಮಿತು.

"ಬರ್‍ಬ್ಯಾಡ! ಮೂಲೇಲೇ ಕುಂತ್ಕೊಂಡು ಗ್ವಾಡೆ ಕಡೆ ತಿರುಗು. ಕಂಬಳಿ ತಲೆ ಮ್ಯಾಕೆ ಎಳ್ಕೋ."

ಎಲ್ಲ ಒಡೆದುಹೋದರೆ ಸಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬಾಗಿಲ ಬಳಿ ಒರಗಿಸಿದ್ದ ಬಿದಿರ ಗಳ ಕೈಗೆತ್ತಿಕೊಂಡಳು. ಬೈರಯ್ಯನಿಗೆ ಅರ್ಥವಾಯಿತು.

"ಬ್ಯಾಡ ಕಣವ್ವಾ! ಎರಡು ವರ್ಸದ ಕೆಲ್ಸ! ಎಂಗೋ ಓಡ್ಬತ್ತೀನಿ!"

"ತಲೆ ಮುಚ್ಕೋ ಅಂದ್ನಲ್ಲಾ!"

ಬಾಗಿಲ ಮರೆಯಲ್ಲಿ ನಿಂತು ಅಟ್ಟಣೆಯನ್ನು ತಿವಿದಳು. ಮೊದಲ ಸಾಲು ಉರುಳಿ ಎರಡನೆಯದರ ಮೇಲೆ ಬಿತ್ತು. ಆಮೇಲೆ ಯಾವುದು ಬಿದ್ದದ್ದು, ಯಾವುದು ಸಿಡಿದದ್ದು ಗೊತ್ತಾಗಲಿಲ್ಲ. ಅವಳು ತಿವಿಯುತ್ತಲೇ ಇದ್ದಳು. ಸದ್ದು ನಿಂತಾಗ ನೊರೆ ಹೊಸ್ತಿಲು ದಾಟಿ ಅಂಗಳಕ್ಕೆ ಹರಿಯುತ್ತಿತ್ತು.

ಬೈರಯ್ಯ ಗಾಜು ತುಳಿಯುತ್ತಾ ಹೊರಬಂದ. ಕಂಬಳಿ ಅಲ್ಲಲ್ಲಿ ಹರಿದಿತ್ತು.

"ಗ್ವಾಡೆ ತಣ್ಣಗಿತ್ತಲ್ಲವ್ವಾ, ನಿನ್ನ ಮಾಲು ಕೆಡ್ತದೆ ಅಂತ..."

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ನಾನು ಕಾಣ್ತೀನಾ ಅಪ್ಪಾ?"

"ಕಾಣ್ತೀಯ," ಎಂದ. "ಅಳ್ತಾ ಇದ್ದೀಯ."