ಎಂಟೂಕಾಲರ ಕರೆ

ಬಾಳೆಹಣ್ಣು ಒಯ್ಯಬಹುದೋ ಬಾರದೋ ತಿಳಿಯದೆ ಸಂಗಮನಾಥ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ತಳ್ಳುಗಾಡಿಯ ಮುಂದೆ ನಿಂತುಬಿಟ್ಟಿದ್ದ.

"ಯಾರ ಮನಿಗ್ರಿ?" ಎಂದ ಗಾಡಿಯವ.

"ಒಬ್ರು ತೀರಿಕೊಂಡಾರ. ಮನಿಯವರನ್ನ ಮಾತಾಡಿಸಾಕ ಹೊಂಟೀನಿ."

"ಹಂಗಾದ್ರ ಬ್ಯಾಡ್ರಿ. ಬರೀ ಕೈಲೆ ಹೋಗ್ರಿ."

ಯಾದಗಿರಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಅರ್ಥಶಾಸ್ತ್ರ ಹೇಳುತ್ತಿರುವವನಿಗೆ ಇಷ್ಟು ಗೊತ್ತಿರಲಿಲ್ಲ. ಕೈ ಜೇಬಿಗೆ ಹಾಕಿಕೊಂಡು ಸುರಪುರದ ಬಸ್ಸು ಹತ್ತಿದ. ಚೀಲದಲ್ಲಿ ಇವತ್ತಿನ ಪತ್ರಿಕೆ ಇತ್ತು, ಪದಬಂಧದ ಪುಟ ಮೇಲೆ ಬರುವಂತೆ ಮಡಚಿದ್ದು. ಒಂದು ಚೌಕವನ್ನೂ ತುಂಬಿರಲಿಲ್ಲ. ನಿನ್ನೆಯದೂ ಹಾಗೇ ಉಳಿದಿತ್ತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಕಸ್ತೂರಿ ಕೇಳಿದ್ದಳು: "ಯಾರು ತೀರಿಕೊಂಡಿದ್ದು?"

"ಗೆಳೆಯರು."

"ನಿಮಗಾ?"

ವ್ಯಂಗ್ಯವೇನೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಸತ್ತವರು ಮರಿಲಿಂಗಪ್ಪ. ಸರ್ವೇಯರ್ ಆಗಿದ್ದು ನಿವೃತ್ತರಾಗಿ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿದ್ದರು. ಹನ್ನೊಂದು ವರ್ಷ, ಭಾನುವಾರವೂ ಬಿಡದೆ, ಬೆಳಿಗ್ಗೆ ಎಂಟೂಕಾಲಕ್ಕೆ ಇಬ್ಬರೂ ಫೋನಿನಲ್ಲಿ ಕೂಡಿ ಪದಬಂಧ ಬಿಡಿಸಿದ್ದರು. ಪದಬಂಧದಲ್ಲಿ ತಪ್ಪಿದೆ ಎಂದು ಸಂಗಮನಾಥ ಪತ್ರಿಕೆಗೆ ಬರೆದ ಕಾಗದ ಅಚ್ಚಾದಾಗ, ತಪ್ಪಿಲ್ಲ ಎಂದು ಹೇಳಲು ಅವರು ಹೇಗೋ ನಂಬರು ಹುಡುಕಿ ಕರೆ ಮಾಡಿದ್ದರು. ತಪ್ಪಿರಲಿಲ್ಲ. ಅಲ್ಲಿಂದ ಶುರು. ಅರವತ್ತು ಕಿಲೋಮೀಟರು ದೂರದಲ್ಲಿದ್ದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನೋಡಬೇಕೆಂದು ಸಂಗಮನಾಥನಿಗೆ ಅನಿಸಿಯೂ ಇರಲಿಲ್ಲ. ಅವನ ಫೋನಿನಲ್ಲಿ ಅವರ ಹೆಸರು 'ಪದಬಂಧ' ಎಂದಷ್ಟೇ ಇತ್ತು.

ಯಾದಗಿರಿಗೆ ಪತ್ರಿಕೆ ಆರಕ್ಕೇ ಬರುತ್ತದೆ, ರಂಗಂಪೇಟೆಗೆ ಎಂಟಕ್ಕೆ. ಆ ಎರಡು ತಾಸಿನಲ್ಲಿ ಸಂಗಮನಾಥ ಮುಕ್ಕಾಲು ಪಾಲು ಬಿಡಿಸಿಟ್ಟುಕೊಂಡು, ಫೋನಿನಲ್ಲಿ ಆಗಷ್ಟೇ ಹೊಳೆದವನಂತೆ ಹೇಳುತ್ತಿದ್ದ.

ಅದು ಸಾದಾ ಪದಬಂಧವಲ್ಲ. ಸುಳಿವು ಒಂದನ್ನು ಹೇಳಿ ಇನ್ನೊಂದನ್ನು ಅಡಗಿಸುತ್ತದೆ. 'ಸದಾ ತಲೆಕೆಳಗಾಗಿರುವ ಸೇವಕ' ಎಂದರೆ ದಾಸ. 'ಸದಾ' ಎಂಬುದನ್ನೇ ತಿರುಗಿಸಬೇಕು. 'ಆನೆ ತಿರುಗಿ ನಿಂತರೆ ಲೋಕ' ಎಂದರೆ ಗಜ ಹೋಗಿ ಜಗ. ಹೇಳಿದ್ದನ್ನು ಹೇಳಿದಂತೆ ನಂಬಿದವನು ಕೆಟ್ಟ, ಮಾತು ಬಿಟ್ಟು ಅಕ್ಷರ ನೋಡಬೇಕು. ಇದು ಸಂಗಮನಾಥನ ಸೂತ್ರ. ಪತ್ರಿಕೆಯದು ಮುಗಿದ ಮೇಲೆ ತಾವೇ ಸುಳಿವು ಕಟ್ಟಿ ಮಾತಿನ ನಡುವೆ, ಯಾವ ಪೀಠಿಕೆಯೂ ಇಲ್ಲದೆ, ಒಗೆಯುತ್ತಿದ್ದರು. ಇನ್ನೊಬ್ಬನು 'ಎಷ್ಟು ಅಕ್ಷರ?' ಎಂದರೆ ಆಟ ಶುರುವಾದಂತೆ.

ಕಳೆದ ಗುರುವಾರ ಮರಿಲಿಂಗಪ್ಪ ಅಂದಿದ್ದರು: "ಎದ್ಯಾಗ ಏನೋ ಹಿಡಕೊಂಡದರಿ ಸರ."

"ಎಷ್ಟು ಅಕ್ಷರ?" ಎಂದಿದ್ದ ಸಂಗಮನಾಥ.

ಆ ಕಡೆ ಉಸಿರೆಳೆದುಕೊಂಡ ಸದ್ದಾಯಿತು. ಆಮೇಲೆ, "ಭಾಳ ಇಲ್ರಿ," ಎಂದರು. ಮತ್ತೆ ಏನೂ ಕೇಳಿಸಲಿಲ್ಲ. ನೆಟ್‌ವರ್ಕ್ ಹೋಯಿತೆಂದು ಸಂಗಮನಾಥ ಫೋನು ಇಟ್ಟ.

ದಿನವಿಡೀ ಅದೇ ಗುಂಗು. 'ಎದೆ'ಯ ಎರಡು ಅಕ್ಷರಗಳ ನಡುವೆ ಏನೋ ಸಿಕ್ಕಿಕೊಂಡಿದೆ, ಏನು? ತರಗತಿಯಲ್ಲಿ ಬೇಡಿಕೆಯ ರೇಖೆ ಎಳೆಯುತ್ತಲೇ ಯೋಚಿಸಿದ. ಸಂಜೆ ಹೊಳೆಯಿತು: ಎಬ್ಬಿಸದೆ. ನಾಲ್ಕು ಅಕ್ಷರ, ಬಹಳ ಇಲ್ಲ. ಖುಷಿಯಾಯಿತು. ಉತ್ತರದ ಅರ್ಥ ಸುಳಿವಿನಲ್ಲಿ ಎಲ್ಲಿದೆ ಎಂಬುದು ಮಾತ್ರ ಸಿಗಲಿಲ್ಲ. ಮುದುಕರು ಕಟ್ಟುವಾಗ ಎಡವಿದ್ದಾರೆ, ನಾಳೆ ಹೇಳಬೇಕು ಎಂದುಕೊಂಡ.

ಮರುದಿನ ಎಂಟೂಕಾಲಕ್ಕೆ ಯಾರೂ ಎತ್ತಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಮಗ ಎತ್ತಿದ; ಅಪ್ಪ ಗುರುವಾರ ಬೆಳಿಗ್ಗೆಯೇ ತೀರಿಕೊಂಡರೆಂದ.

ರಂಗಂಪೇಟೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯ ಹಿಂದೆ ಎಂದಿದ್ದ ಮಗ. ಅಂಗಡಿ ಮುಚ್ಚಿತ್ತು. ಮಗ ಭೀಮೇಶ, ಮೂವತ್ತು ದಾಟಿದವ, ಬಾಗಿಲಲ್ಲೇ ನಿಂತಿದ್ದ.

"ಬರ್ರಿ ಸರ. ದನಿ ಮ್ಯಾಲೆ ಗುರ್ತು ಹಿಡದೆ."

ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಸೆರಗು ಹೊದ್ದು ಗೋಡೆಗೊರಗಿ ಕುಳಿತಿದ್ದರು. ಮೂಲೆಯಲ್ಲಿ ಒಂದು ಮಣೆ, ಅದರ ಮೇಲೆ ಉರಿಯುತ್ತಿದ್ದ ದೀಪ. ಫೋಟೋ ಇನ್ನೂ ಕಟ್ಟಿಸಿಕೊಂಡು ಬಂದಿರಲಿಲ್ಲ. ಹೀಗಾಗಿ ಮರಿಲಿಂಗಪ್ಪ ಹೇಗಿದ್ದರೆಂಬುದು ಸಂಗಮನಾಥನಿಗೆ ಆಗಲೂ ತಿಳಿಯಲಿಲ್ಲ. ಕೇಳುವುದು ಸರಿಯಲ್ಲ ಎನಿಸಿತು.

ಅವನಿಗೆ ಕುರ್ಚಿ ಹಾಕಿದರು. ಪಕ್ಕದ ಮನೆಯ ಖಾಸಿಂಬೀ ತನ್ನ ಮನೆಯಿಂದ ಚಹಾ ತಂದುಕೊಟ್ಟಳು; ಈ ಮನೆಯ ಒಲೆಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಂತಿತ್ತು. ಮರಿಲಿಂಗಪ್ಪನವರ ಹೆಂಡತಿ ಹಣಮಂತಮ್ಮ ಎದುರಿಗೆ ಕುಳಿತು ಅವನ ಮುಖವನ್ನೇ ನೋಡಿದಳು.

"ಮಗಳಿಗಿ ಕೆಮ್ಮು ಕಡಿಮಿ ಆತೇನ್ರಿ?" ಎಂದಳು.

ಸಂಗಮನಾಥ ಬೆಚ್ಚಿದ. ಮಗಳಿದ್ದಾಳೆಂದು ಅವನು ಒಂದು ದಿನವೂ ಹೇಳಿರಲಿಲ್ಲ.

"ಫೋನಿನ್ಯಾಗ ಕೇಳತಿತ್ತಂತ್ರಿ. ಇವತ್ತೂ ಕೆಮ್ಮಾಕತ್ಯಾಳ ಪಾಪ, ಅಂತಿದ್ರು. ಅಬ್ಬೆತುಮಕೂರ ಮಠಕ್ಕ ಒಮ್ಮಿ ಕರಕೊಂಡು ಹೋಗಂತ ಹೇಳ್ರಿ ಅಂದೆ. ಅಂಥಾದ್ದೆಲ್ಲ ನಾವು ಮಾತಾಡಂಗಿಲ್ಲ ಅಂದ್ರು."

"ಕಡಿಮಿ ಆಗ್ಯಾದ್ರಿ," ಎಂದ. ಆಗಿದೆಯೋ ಇಲ್ಲವೋ ನೆನಪಾಗಲಿಲ್ಲ.

"ಮತ್ತ ಏನ್ ಮಾತಾಡ್ತಿದ್ರಿ ಇಬ್ರೂ?"

ಹೆಂಗಸರೆಲ್ಲ ಅವನ ಕಡೆ ತಿರುಗಿದರು.

"ಪದಬಂಧರಿ. ಪೇಪರಿನ್ಯಾಗ ಬರ್ತದಲ್ರಿ, ಅದು."

"ಅಂದ್ರ?"

ಪಾಠ ಹೇಳಿ ರೂಢಿಯಿತ್ತು. ಹೇಳಿದ. "ಈಗ ನೋಡ್ರಿ, 'ದಿನ ತಿರುಗಿ ಹರಿಯಿತು' ಅಂತ ಕೊಟ್ಟಿರ್ತಾರ. ಎರಡು ಅಕ್ಷರ. ದಿನ ಅನ್ನೋದನ್ನ ತಿರುಗಿಸಿದ್ರ ಏನಾಗ್ತದ?"

ಹಣಮಂತಮ್ಮ ತುಟಿಯಲ್ಲೇ ಹೇಳಿಕೊಂಡಳು. "ನದಿ."

"ಹಾಂ. ಹರಿಯೋದು ನದಿ."

"ಹೊಳಿಗಿ ನದಿ ಅಂತ ಯಾರಂತಾರ್ರಿ?" ಎಂದಳು. ಅವಳ ತವರು ಕೃಷ್ಣೆಯ ದಂಡೆಯ ಊರು. "ಮುಂದ?"

"ಅಷ್ಟೇರಿ."

"ಅದಕ್ಕ ದಿನಾ ಅರ್ಧ ತಾಸೇನ್ರಿ?"

ಅವನು ಚಹಾ ಕುಡಿದ.

"ಸಿಟ್ಟಿಲ್ರಿ," ಎಂದಳು ಹಣಮಂತಮ್ಮ. "ನನ್ನ ಕೂಡ ಮೂವತ್ತೆಂಟು ವರ್ಷದಾಗ ಒಮ್ಮಿನೂ ಅರ್ಧ ತಾಸು ಕುಂತು ಮಾತಾಡಿದವರಲ್ಲ. ಸಂಬಂಧಿಕರಿಗೂ ಇಲ್ಲ ಅವರ ಬಾಯಾಗಿನ ಮಾತು, ಯಾದಗಿರಿ ಸರಗ ಅದ ಅಂತ ನಾವೇ ನಗತಿದ್ವಿ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವತ್ತು ನಾ ಗಿರಣಿಗಿ ಹೋಗಿದ್ದೆ, ಜೋಳ ಬೀಸಕೊಂಡು ಬರಾಕ. ಬಂದು ನೋಡ್ತೀನಿ, ಫೋನ್ ತೊಡಿ ಮ್ಯಾಲದ. ಕಡೀಕ ಮಾತಾಡಿದ್ದು ನಿಮ್ಮ ಕೂಡನೇ. ಏನಂದ್ರು?"

ಸಂಗಮನಾಥ ಬಂದದ್ದು ಇದಕ್ಕೇ. ಬಸ್ಸಿನಲ್ಲಿ ಎರಡು ತಾಸು ಅವನು ಈ ಪ್ರಶ್ನೆಗೆ ಮಾತು ಜೋಡಿಸಿದ್ದ. ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದು ಎಂದೂ ನಿರ್ಧರಿಸಿದ್ದ.

"ನಾಳಿ ಮಾತಾಡೂಣ ಅಂದ್ರು," ಎಂದ.

"ನೋವು ಗೀವು ಅಂತ?"

"ಇಲ್ರಿ. ನಕ್ಕೋತ ಇದ್ರು."

ಹಣಮಂತಮ್ಮ ಉಸಿರು ಬಿಟ್ಟಳು. ಪಕ್ಕದವಳ ಕಡೆ ತಿರುಗಿ, "ಕೇಳಿದೇನ? ನಕ್ಕೋತ ಹೋಗ್ಯಾರ," ಎಂದಳು. ಆ ಮಾತು ಗೋಡೆಯುದ್ದಕ್ಕೂ ಬಾಯಿಂದ ಬಾಯಿಗೆ ಸಾಗಿತು. ಒಬ್ಬಳು ಕಣ್ಣೊರೆಸಿಕೊಂಡಳು. ಆರು ದಿನದಲ್ಲಿ ಆ ಮನೆಗೆ ಸಿಕ್ಕ ಮೊದಲ ಸಮಾಧಾನವಿರಬೇಕು. ಸಂಗಮನಾಥನಿಗೂ ಹಗುರಾಯಿತು. ಇಷ್ಟು ಸುಲಭವೇ ಎನಿಸಿ, ವಾಚು ನೋಡಿಕೊಂಡ.

ಆಗ ಭೀಮೇಶ ಒಳಗಿನಿಂದ ಅಪ್ಪನ ಫೋನು ತಂದ.

"ಅವ್ವ, ಇದರಾಗ ಅಪ್ಪನ ದನಿ ಅದ. ಫೋನ್ ತಾನೇ ರೆಕಾರ್ಡ್ ಮಾಡಕೊಂತದ. ಜಾಗ ಸಾಲದ ಹಳೇವೆಲ್ಲ ಅಳಿಸ್ಯಾವ. ಸರ ಕೂಡ ಮಾತಾಡಿದ್ದು ಕಡೀ ನಾಕು ದಿನದ್ದು ಉಳದಾವ." ಸಂಗಮನಾಥನ ಕಡೆ ನೋಡಿ ಸಂಕೋಚದಿಂದ ಹೇಳಿದ: "ನಿನ್ನೆನೇ ನೋಡೀನ್ರಿ ಸರ. ಒಬ್ಬಾಂವನೇ ಕೇಳಾಕ ಧೈರ್ಯ ಆಗಲಿಲ್ಲ."

ಹಣಮಂತಮ್ಮ ಫೋನನ್ನು ಸೆರಗಿನಿಂದ ಒರೆಸಿ ಮಗನ ಕೈಗೇ ಕೊಟ್ಟಳು.

"ಹಚ್ಚು," ಎಂದಳು. "ಮೊದಲಿಂದ ಹಚ್ಚು."

"ನಾ ಬರ್ತೀನ್ರಿ. ಬಸ್ಸಿಗಿ ಹೊತ್ತಾಯ್ತು," ಸಂಗಮನಾಥ ಎದ್ದ.

"ಕುಂದರ್ರಿ. ನಮಗ ತಿಳೀಲಿಲ್ಲಂದ್ರ ಯಾರು ಬಿಡಿಸಿ ಹೇಳೋರು?"

ಭೀಮೇಶ ಫೋನನ್ನು ಮಣೆಯ ಮೇಲೆ, ದೀಪದ ಪಕ್ಕದಲ್ಲಿ ಒರಗಿಸಿಟ್ಟ. ಪರದೆಯ ಮೇಲೆ ನಾಲ್ಕು ಸಾಲು. ಮೂರು ಅರ್ಧರ್ಧ ತಾಸಿನವು. ಕೊನೆಯದು, ಗುರುವಾರದ್ದು, ಒಂಬತ್ತು ನಿಮಿಷ.

"ನಮಸ್ಕಾರ್ರಿ ಸರ, ಪೇಪರ್ ಈಗ ಬಂತ್ರಿ," ಎಂದರು ಮರಿಲಿಂಗಪ್ಪ.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹಣಮಂತಮ್ಮ ಅಳಲಿಲ್ಲ, ತುಸು ಮುಂದೆ ಬಾಗಿದಳು. ಇನ್ನೊಂದು ದನಿ ಬಂತು. ಗತ್ತಿನ, ಅವಸರದ ದನಿ. ಅದು ತನ್ನದೆಂದು ಸಂಗಮನಾಥನಿಗೆ ಕೂಡಲೇ ತಿಳಿಯಲಿಲ್ಲ. 'ಫೋನಿನಲ್ಲಿ ಬಂದದ್ದು ಅಂಗಿಯ ಮೇಲೆ ಉಳಿಯಿತು, ಎರಡು ಅಕ್ಷರ' ಎಂದಿತು. "ತಡೀರಿ, ತಡೀರಿ... ಹಾಂ, ಹೊಳೀತು! ಕರೆ!"

"ನಿಮಗ ಭಾಳ ಲಗೂ ಹೊಳೀತದರಿ," ಎಂದು ಮರಿಲಿಂಗಪ್ಪ ನಕ್ಕರು. ಎಲ್ಲ ಗೊತ್ತಿದ್ದವರ ನಗೆ. ಅದನ್ನು ಸಂಗಮನಾಥ ಇದೇ ಮೊದಲ ಸಲ ಕೇಳಿಸಿಕೊಂಡ.

"ಏನದು ಈಗ ಅಂದಿದ್ದು?" ಹಣಮಂತಮ್ಮ ಕೈ ಎತ್ತಿದಳು. ಭೀಮೇಶ ನಿಲ್ಲಿಸಿದ.

"ಕರೆ ಅಂದ್ರ ಫೋನ್ ಕಾಲ್‌ರಿ. ಕರೆ ಅಂದ್ರ ಕಲೆನೂ ಹೌದು, ಅರಬಿಗಿ ಹತ್ತಿದ್ದು."

"ಹೌದ್ ಹೌದ್," ಎಂದರು ಹೆಂಗಸರು. ಫೋನು ಮತ್ತೆ ಶುರುವಾಯಿತು. ಹೀಗೇ ನಿಲ್ಲಿಸುತ್ತ, ಕೇಳುತ್ತ, ಅವನು ಹೇಳುತ್ತ, ಸೋಮವಾರದ ಕರೆ ಮುಗಿಯಿತು. ಮಂಗಳವಾರದ್ದು ತಾನೇ ಶುರುವಾಯಿತು. ಶಹಾಪುರದ ಕಡೆಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಅವನು ಕುರ್ಚಿಯಿಂದ ಏಳಲಿಲ್ಲ. ವಿವರಣೆ ಮಾತ್ರ ಉದ್ದವಾಗುತ್ತ ಹೋಯಿತು. ಒಂದೊಂದು ಅಕ್ಷರವನ್ನೂ ಬಿಡದೆ, ಬೇಡದ್ದನ್ನೂ ಸೇರಿಸಿ, ಎರಡೆರಡು ಸಲ ಹೇಳತೊಡಗಿದ. ಯಾರೂ ಬೇಸರಪಡಲಿಲ್ಲ.

ಬುಧವಾರದ್ದು ನಡೆಯುತ್ತಿದ್ದಾಗ, ಗುರುಮಠಕಲ್ ಕಡೆಯ ಸಂಬಂಧಿಕಳಂತೆ, ಒಬ್ಬಳು ಮುದುಕಿ ಕೋಲೂರಿಕೊಂಡು ಒಳಗೆ ಬಂದಳು. ದೀಪದ ಮುಂದೆ ಬಗ್ಗಿ, ಅಲ್ಲಿಂದ ಬರುತ್ತಿದ್ದ ಎರಡು ದನಿಗಳಿಗೆ ಕೈ ಮುಗಿದು, ಗೋಡೆಗೆ ಒರಗಿದಳು.

"ಯಾವ ಅಪ್ಪಾವರ ಪ್ರವಚನಬೇ ಇದು?" ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದಳು.

"ಸುಮ್ಕ ಕೇಳು," ಎಂದಳು ಅವಳು. "ಇನ್ನೊಂದು ಅಧ್ಯಾಯ ಅದ."