ಬೂದು ಬಣ್ಣದ ಜೋಡಿ

ಕಾಶಿನಾಥ ಎರಡು ಬೂದು ಗಿನಿಪಿಗ್‌ಗಳನ್ನೂ ಒಂದೇ ಗೂಡಿಗೆ ಹಾಕಿ ಚಿಲಕ ಸಿಕ್ಕಿಸುವಷ್ಟರಲ್ಲಿ, ಗಂಡನ ಹೆಣದ ಪಕ್ಕದಿಂದ ಎದ್ದು ಬಂದ ಸುಶೀಲವ್ವ ಹೆಣ್ಣನ್ನು ಹೊರಗೆ ತೆಗೆದು ಸೆರಗಿನಲ್ಲಿ ಹಿಡಿದುಕೊಂಡಳು.

ಪಡಸಾಲೆಯಲ್ಲಿ ಮಡಿವಾಳೆಪ್ಪನನ್ನು ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಭಜನೆಯವರಿಗೆ ಜಾಗ ಸಾಲದೆಂದು ಅವಳ ತಮ್ಮ ಕಾಶಿನಾಥ ಗೂಡುಗಳನ್ನು ಹಿತ್ತಲಿಗೆ ಸಾಗಿಸುತ್ತಿದ್ದ. ಗಂಡ ಹೋದ ದಿನವೂ ಇವಳಿಗೆ ಇಲಿಗಳದೇ ಚಿಂತೆ ಎಂದು ಹೆಂಗಸರು ಗೊಣಗಿದರು. ಗೊಣಗಲಿ. ಬಟ್ಟೆ ಅಂಗಡಿ ಬಾಗಿಲು ಹಾಕಿ ಪ್ರಾಣಿಗಳ ಮೈಬಣ್ಣ ನೋಡುತ್ತ ಕೂರುತ್ತಾನೆಂದು ಕುಂದಗೋಳದ ಮಂದಿ ಅವನಿದ್ದಾಗಲೂ ನಕ್ಕವರೇ. ಹುಬ್ಬಳ್ಳಿಯ ಪ್ರದರ್ಶನದಲ್ಲಿ ಬೂದು ಗಂಡಿಗೆ ಬಹುಮಾನ ಬಂದ ಮೇಲೆ ಅದೇ ಮಂದಿ ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿದ್ದರು.

ಹಿತ್ತಲಲ್ಲಿ ಕಾಶಿನಾಥ ಇನ್ನೊಂದು ಮಾತು ತೆಗೆದ. ತನ್ನ ಮಗಳು ಅಮೃತಾಳನ್ನು ನಡುವಿನ ಅಕ್ಕ ನಂದಾಳ ಮಗನಿಗೆ ಕೊಡುವುದೆಂದು ಮಾತಾಗಿದೆ. ಸಾವಾದ ಮನೆತನದಲ್ಲಿ ವರ್ಷದೊಳಗೆ ಮದುವೆ ಆಗಬೇಕು. ಬಳಗವೆಲ್ಲ ಕೂಡಿದೆ, ಮಣ್ಣು ಮುಗಿದ ಮೇಲೆ ಹಿರಿಯಕ್ಕನಾದ ಸುಶೀಲವ್ವನೇ ನಾಲ್ಕು ಮಂದಿಯೆದುರು ಹೂಂ ಅನ್ನಬೇಕು ಎಂದ. ಅವಳು ಸೆರಗಿನಲ್ಲಿದ್ದ ಹೆಣ್ಣನ್ನು ಬೇರೆ ಗೂಡಿಗೆ ಹಾಕಿ ಚಿಲಕ ಸಿಕ್ಕಿಸಿದಳು.

*

ಅವಳು ಮದುವೆಯಾದದ್ದೂ ತಾಯಿಯ ತಮ್ಮನನ್ನೇ. ಹುಟ್ಟಿದ ಮಗಳಿಗೆ ಕಣ್ಣಿರಲಿಲ್ಲ. ತೊಟ್ಟಿಲಿಗೆ ಹಾಕುವವರೆಗೂ ಉಳಿಯಲಿಲ್ಲ. ಬಸುರಿಯಿದ್ದಾಗ ಗ್ರಹಣದ ಹೊತ್ತಿಗೆ ಬದನೆಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಮನೆಮಂದಿಯೆಲ್ಲ ಅಂದರು. ಹೆಚ್ಚಿದ್ದು ನಿಜ. ಮಡಿವಾಳೆಪ್ಪ ತುಟಿಪಿಟಕ್ಕೆನ್ನಲಿಲ್ಲ. ಮಂದಿಯ ಮಾತಿಗಿಂತ ಅವನ ಮೌನವೇ ಅವಳನ್ನು ಸುಟ್ಟಿತು.

ಹೋದ ವರ್ಷ ಅವನು ಇನ್ನೊಂದು ಬಹುಮಾನದ ಆಸೆಗೆ, ಬಿಳಿ ಕರಿ ಕೂದಲು ಬೆರೆತ ಆ ಬೂದು ಗಂಡಿಗೆ ಅದೇ ಬಣ್ಣದ ಹೆಣ್ಣನ್ನು ಕೂಡಿಸಿದ. ಮರಿಗಳಲ್ಲೊಂದು ಅಚ್ಚ ಬಿಳಿ, ಕಣ್ಣಿಲ್ಲದ್ದು. ಹನಿ ಹನಿ ಹಾಲು ಕುಡಿಸಿದರೂ ಬದುಕಲಿಲ್ಲ. ದನದ ಡಾಕ್ಟರನ್ನು ಕೇಳಿ ಬಂದವನು ಕಟ್ಟೆಯ ಮೇಲೆ ಕೂತ.

"ಎರಡೂ ಅಗದಿ ಚಲೋ ಅದಾವ, ಸುಶೀಲಾ. ಆ ಬಣ್ಣದ ಗುಣ ಒಂದ ಕಡೀಂದ ಬಂದ್ರ ಬಣ್ಣ ಚಂದ ಇರತೈತಿ, ಅಷ್ಟ. ಎರಡೂ ಕಡೀಂದ ಬಂದ್ರ ಮರೀಗೆ ಕಣ್ಣಿರೂದಿಲ್ಲಂತ." ಆಮೇಲೆ ತಲೆ ತಗ್ಗಿಸಿ, "ನಮ್ಮ ಕೂಸಿಂದೂ ಗ್ರಹಣ ಅಲ್ಲ. ಹಿಂಥಾದ್ದ ಏನೋ ನಮ್ಮಿಬ್ಬರ ರಕ್ತದಾಗೂ ಇತ್ತು," ಎಂದ.

ಇದನ್ನು ಮಂದಿ ಮುಂದೆ ಹೇಳಿರಿ ಎಂದಳು ಅವಳು. ಅಮೃತಾಳ ಮಾತುಕತೆಗೆ ಮೊದಲೇ ಹೇಳುತ್ತೇನೆ ಎಂದಿದ್ದ. ನಿನ್ನೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ.

*

ಸಮಾಧಿಯ ಕುಣಿಯಲ್ಲಿ ಕೂರಿಸಿ, ಪತ್ರೆ ವಿಭೂತಿ ಸುರಿದು ಮಣ್ಣೆಳೆದು ಬಂದವರು ಅಂಗಳದಲ್ಲಿ ಕೂತರು. ನಂದಾ ಆಗಲೇ ಸೊಸೆಯೆಂಬಂತೆ ಅಮೃತಾಳ ಹೆಗಲ ಮೇಲೆ ಕೈ ಹಾಕಿದ್ದಳು. ಕಾಶಿನಾಥ ಮಾತು ತೆಗೆದು ಅಕ್ಕನ ಕಡೆ ನೋಡಿದ.

"ನಾ ಹೂಂ ಅನ್ನೂದಿಲ್ಲ," ಎಂದಳು ಸುಶೀಲವ್ವ. "ನನ್ನ ಕೂಸು ಗ್ರಹಣಕ್ಕ ಸತ್ತಿಲ್ಲ. ನಾವಿಬ್ರೂ ಒಂದ ರಕ್ತ ಇದ್ವಿ, ಅದಕ್ಕ. ಮಾಮಾ ನನ್ನ ಮುಂದ ಅಂದಾರ. ನಿಮ್ಮ ಮುಂದ ಅನ್ನಾಕ ಅವರಿಗೆ ಆಗಲಿಲ್ಲ."

ಇಲಿ ಸಾಕಿದವನ ಮಾತಿಗೆ ಮದುವೆ ಮುರಿಯುತ್ತೀಯಾ ಎಂದು ಕಾಶಿನಾಥ ಸಿಡುಕಿದ. ನಂದಾ ಅಮೃತಾಳ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಮಗನಿಗೆ ಏನ ಐಬ ಐತಿ, ಅಕ್ಕಾ?"

"ಏನೂ ಇಲ್ಲ. ಅಮೃತಾಗೂ ಇಲ್ಲ. ನಮಗೂ ಇರಲಿಲ್ಲ."

ಅಮೃತಾ ತನ್ನ ಹೆಗಲ ಮೇಲಿದ್ದ ನಂದಾಳ ಕೈಯನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲಿಟ್ಟು, ಎದ್ದು ಬಂದು ದೊಡ್ಡತ್ತೆಯ ಮಗ್ಗುಲಲ್ಲಿ ಕೂತಳು.