ಬಾವುಟಕ್ಕಿಂತ ಹಳೆಯ ಬುಟ್ಟಿ

"ಬರೀಬೇಡಿ ಚೀಫ್, ತಾಳಿ!" ಎಂದು ರುತೆಂಡೊ ಕಾಗದದ ಮೇಲೆ ಅಂಗೈಯನ್ನೇ ಇಟ್ಟುಬಿಟ್ಟಳು. ಪೆನ್ನಿನ ಮಸಿ ಅವಳ ಕಿರುಬೆರಳಿಗೆ ಮೆತ್ತಿತು.

ಚೀಫ್ ಮುಚೀರಿ ಕನ್ನಡಕದ ಮೇಲಿಂದ ನೋಡಿದ. ಆ ಊರಿಗೆ ಸರ್ಕಾರ ಅಂದರೆ ಅವನೇ. ಸಾವಿನ ದಾಖಲೆಗೆ ಅವನ ಸಹಿ ಬೀಳದೆ ಯಾರನ್ನೂ ಮಣ್ಣು ಮಾಡುವಂತಿರಲಿಲ್ಲ. ಅಂಗಳದಲ್ಲಿ ರುತೆಂಡೊಳ ಅಜ್ಜಿ ಸೆಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಎಂದೋ ಜಿಂಬಾಬ್ವೆಯಿಂದ ಕೀನ್ಯಾಕ್ಕೆ ಬಂದು ನೆಲೆಸಿದ ಅವಳ ಮಂದಿ ಬಿಳಿ ನಿಲುವಂಗಿ ತೊಟ್ಟು ಬರಿಗಾಲಲ್ಲಿ ನಿಂತು ಹಾಡುತ್ತಿದ್ದರು.

"ಬಿಸಿಲು ನೆತ್ತಿಗೇರ್ತಿದೆ ಕಣಮ್ಮಾ. ದೇಶ ಯಾವುದು ಅಂತಿದೆ ನೋಡು, ಅಲ್ಲಿ 'ವಿದೇಶಿ' ಅಂತ ಬರೆದು ಸಹಿ ಹಾಕಿದ್ರೆ ಮುಗೀತು."

"ಯಾವ ವಿದೇಶ ಚೀಫ್? ಜಿಂಬಾಬ್ವೆಯವರು ನಮ್ಮೋಳಲ್ಲ ಅಂತಾರೆ. ನೀವೂ ಅಲ್ಲ ಅಂತೀರಿ. ನಮ್ಮಜ್ಜಿ ಏನು, ಆಕಾಶದಿಂದ ಉದುರಿದ್ಲಾ?"

ನರ್ಸಿಂಗ್ ಶಾಲೆಯಲ್ಲಿ ರುತೆಂಡೊಗೆ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಪೌರತ್ವಕ್ಕೆ ಅರ್ಜಿ ಹಾಕಿದ ರಸೀದಿಯನ್ನಾದರೂ ತೋರಿಸಬೇಕು. ಅಪ್ಪ ಅಮ್ಮನಿಗೂ ಕಾಗದ ಪತ್ರ ಇರಲಿಲ್ಲ. ಸ್ವಾತಂತ್ರ್ಯ ಬಂದು ಕೀನ್ಯಾದ ಬಾವುಟ ಏರುವ ಮೊದಲೇ ಅಜ್ಜಿ ಇಲ್ಲಿದ್ದಳು ಎಂಬ ಒಂದೇ ಒಂದು ಸರ್ಕಾರಿ ಕಾಗದ ತಂದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಅಜ್ಜಿಯ ಹೆಸರಿಗೆ 'ವಿದೇಶಿ' ಅಂಟಿಕೊಂಡರೆ ಮಾತ್ರ ಕಷ್ಟ ಎಂದಿದ್ದಳು ನಗರದ ವಕೀಲೆ.

*

ಬದುಕಿದ್ದಾಗ ಸೆಕಾಯಿ ಗುರುತಿನ ಚೀಟಿ ಕೊಡುವ ಕಚೇರಿಯ ಸರದಿಯಲ್ಲಿ ಬರಿಗೈಯಲ್ಲಿ ನಿಂತವಳೇ ಅಲ್ಲ. ಕಂಕುಳಲ್ಲಿ ನಾರಿನ ಕಟ್ಟು ಇರುತ್ತಿತ್ತು. ಸರದಿ ಮುಂದೆ ಸರಿದಂತೆ ಅವಳ ಕೈಯಲ್ಲಿ ಬುಟ್ಟಿಯ ಹೆಣಿಗೆ ಮೇಲೇರುತ್ತಿತ್ತು.

"ಇವತ್ತು ಬೇಗ ಬೈದು ಕಳಿಸ್ಬಿಟ್ರು ಕಣೇ. ಅಂಚು ಕಟ್ಟೋಕೂ ಬಿಡ್ಲಿಲ್ಲ," ಎಂದು ನಗುತ್ತ ಮನೆಗೆ ಬರುತ್ತಿದ್ದಳು. ಬೈದ ಗುಮಾಸ್ತನೇ ಒಂದು ಬುಟ್ಟಿ ಕೇಳಿ ಇಸಿದುಕೊಂಡು, ಅದರಲ್ಲಿ ಬೇರೆಯವರ ಗುರುತಿನ ಚೀಟಿಗಳನ್ನು ಜೋಡಿಸಿಟ್ಟುಕೊಂಡಿದ್ದ.

"ಯಾರೂ ದೇಶವಿಲ್ಲದೆ ಇರಬಾರದು ಅಂತ ಎಷ್ಟೋ ದೇಶಗಳು ಸೇರಿ ಒಪ್ಪಂದ ಬರ್ಕೊಂಡಿವೆ ಅಜ್ಜಿ," ಎಂದು ವಕೀಲೆ ಸಮಾಧಾನ ಹೇಳಿದ್ದಳು.

"ಅಷ್ಟೊಂದು ದೇಶಗಳಾ! ಅದರಲ್ಲಿ ಒಂದಾದ್ರೂ ನಂದಲ್ವಲ್ಲೇ!" ಎಂದು ಸೆಕಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ವಕೀಲೆ ಹೋದಮೇಲೆ ಮಾತ್ರ ಮೊಮ್ಮಗಳ ಗಲ್ಲ ಹಿಡಿದು, "ನನ್ನದು ಹೇಗೋ ಮುಗೀತು. ನೀನು ಮಾತ್ರ ಹೀಗೆ ನಿಂತು ನಿಂತು ಸಾಯ್ಬಾರ್ದು," ಎಂದಿದ್ದಳು.

*

"ಸಾಕ್ಷಿ ಕೊಡು, ಬರೀತೀನಿ," ಎಂದ ಮುಚೀರಿ. ಅವನು ಕೆಟ್ಟವನಲ್ಲ, ಹೆದರುಪುಕ್ಕ ಅಷ್ಟೇ. "ನಾಳೆ ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?"

"ನಾವೆಲ್ಲ ಕಣ್ಣಾರೆ ಕಂಡಿದೀವಿ!" ಎಂದರು ನೆರೆಯ ಹೆಂಗಸರು.

"ಕಂಡಿದ್ದಕ್ಕೆ ತಾರೀಕು ಬೇಡ್ವೇನ್ರಮ್ಮಾ?"

ಆಗ ಮುಚೀರಿಯ ತಾಯಿ ವಮೈತಾ ಕೋಲೂರಿಕೊಂಡು ಎದ್ದಳು. ಬೇಲಿ ದಾಟಿ ಮನೆಗೆ ನಡೆದಳು. ಮಗನ ಮೇಲೆ ಮುನಿಸಿಕೊಂಡು ಹೋದಳೆಂದೇ ಎಲ್ಲರೂ ಅಂದುಕೊಂಡರು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ದೊಡ್ಡದೊಂದು ಬುಟ್ಟಿ ಹೊತ್ತು ಬಂದು ಮಗನ ಮುಂದೆ ಧೊಪ್ಪನೆ ಇಳಿಸಿದಳು. ಬುಟ್ಟಿ ಹೊಗೆ ಹಿಡಿದು ಕಪ್ಪಾಗಿತ್ತು. ಅಂಚಿನಲ್ಲಿ ಸೆಕಾಯಿ ತಪ್ಪದೆ ಹಾಕುತ್ತಿದ್ದ ಕೆಂಪು ಗಂಟು ಇನ್ನೂ ಇತ್ತು.

"ಇದು ಯಾರು ಹೆಣೆದಿದ್ದು?"

"ಸೆಕಾಯಿ. ಅದು ಊರಿಗೇ ಗೊತ್ತು."

"ಇದರಲ್ಲಿ ಯಾರು ಮಲಗ್ತಿದ್ದಿದ್ದು?"

ಮುಚೀರಿ ಬುಟ್ಟಿಯತ್ತ ಬಗ್ಗಿ ನೋಡಿದ.

"ನೀನೇ ಕಣೋ! ಹಲ್ಲು ಬರೋವಾಗ ಅಂಚು ಕಡಿದಿದೀಯ, ನೋಡಿಲ್ಲಿ. ನಾನು ಬಸುರಿ ಅಂತ ಅವಳು ಹೆಣೆದು ತಂದ್ಕೊಟ್ಟಿದ್ದು. ಈಗ ನಿನ್ನ ಗುರುತಿನ ಚೀಟಿ ತೆಗಿ. ಹುಟ್ಟಿದ ತಾರೀಕು ಗಟ್ಟಿಯಾಗಿ ಓದು. ಎಲ್ರೂ ಕೇಳ್ಲಿ."

ಹಾಡು ನಿಂತಿತು. ಮುಚೀರಿ ಜೇಬಿನಿಂದ ಚೀಟಿ ತೆಗೆದ. "ಸಾವಿರದ ಒಂಬೈನೂರ ಅರವತ್ತೊಂದು, ಮಾರ್ಚ್," ಎಂದ. ದನಿ ಸಣ್ಣದಾಗಿತ್ತು.

"ಬಾವುಟ ಏರಿದ್ದು?"

"ಅರವತ್ತಮೂರು."

"ಮತ್ತೆ? ನಿನ್ನ ತಾರೀಕು ಸುಳ್ಳಾದ್ರೆ ಅವಳದ್ದೂ ಸುಳ್ಳು. ಹೇಳು, ನೀನು ಸುಳ್ಳಾ?"

ಯಾರೋ ಕಿಸಕ್ಕನೆ ನಕ್ಕರು. ಸಾವಿನ ಮನೆ ಎಂಬುದನ್ನೂ ಮರೆತು ಅಂಗಳಕ್ಕೆ ಅಂಗಳವೇ ನಕ್ಕಿತು. ಮುಚೀರಿಯೂ ನಕ್ಕ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಂಚಿನ ಹಲ್ಲಿನ ಗುರುತುಗಳ ಮೇಲೊಮ್ಮೆ ಬೆರಳಾಡಿಸಿದ.

ಬುಟ್ಟಿಯನ್ನು ಬೋರಲು ಹಾಕಿ, ಅದರ ತಳದ ಮೇಲೆ ಕಾಗದ ಹರಡಿದ. 'ವಾಸ' ಎಂಬಲ್ಲಿ, 'ಇದೇ ಊರು, 1961ಕ್ಕೂ ಮೊದಲಿನಿಂದ' ಎಂದು ಒತ್ತಿ ಒತ್ತಿ ಬರೆದ. ದೇಶ ಎಂಬಲ್ಲಿ ಪೆನ್ನು ಅರೆಗಳಿಗೆ ನಿಂತಿತು. ತಾಯಿ ಕೋಲನ್ನು ನೆಲಕ್ಕೆ ಕುಟ್ಟಿದಳು. 'ಕೀನ್ಯಾ' ಎಂದು ಬರೆದು ಸಹಿ ಹಾಕಿ, ಠಸ್ಸೆ ಒತ್ತಿದ.

ಹಾಡು ಮತ್ತೆ ಎದ್ದಿತು. ಅಜ್ಜಿಯನ್ನು ಎತ್ತಿದರು. ರುತೆಂಡೊ ಮಸಿಯ ಬೆರಳಲ್ಲೇ ಕಾಗದ ಹಿಡಿದು ಹಿಂದೆ ನಡೆದಳು. ಬೇಲಿ ದಾಟುವಾಗ ಅದನ್ನು ಬಿಸಿಲಿಗೆ ಎತ್ತಿ ನೋಡಿದಳು. ಚೀಫನ ದುಂಡು ಅಕ್ಷರಗಳ ಉದ್ದಕ್ಕೂ ಅಜ್ಜಿಯ ಹೆಣಿಗೆ ಎಳೆ ಎಳೆಯಾಗಿ ಮೂಡಿತ್ತು.